ಕುದಿದ ಜೀಪು, ಭಾವನ ಕಾಲು

ಕೆಲಸವೇನೋ ಇಷ್ಟೇ: ಕಣಿವೆಯ ಶಿಬಿರದಲ್ಲಿ ಬಂಡೆ ಉರುಳಿ ಕಾಲು ಮುರಿದುಕೊಂಡಿದ್ದ ಕಾವಲುಗಾರನನ್ನು ಜೀಪಿನಲ್ಲಿ ಮಲಗಿಸಿಕೊಂಡು, ಗುಡ್ಡ ಹತ್ತಿಸಿ, ಆಚೆ ಬದಿಯ ಆಸ್ಪತ್ರೆಗೆ ಸಂಜೆ ಐದರೊಳಗೆ ಮುಟ್ಟಿಸಬೇಕು. ವೈರ್‌ಲೆಸ್ಸಿನಲ್ಲಿ ಡಾಕ್ಟರು ಎರಡೆರಡು ಸಲ ಹೇಳಿದ್ದರು, "ಪಾದ ನೀಲಿ ಆಗ್ತಿದೆ ಅಂತೀರಿ. ತಡ ಮಾಡಿದ್ರೆ ಕಾಲು ಉಳಿಸೋದು ನನ್ನ ಕೈಲಿಲ್ಲ."

ಕಾವಲುಗಾರ ಬೇರೆ ಯಾರೂ ಅಲ್ಲ, ಡ್ರೈವರನ ಸ್ವಂತ ಅಕ್ಕನ ಗಂಡ. ಶಿಬಿರದವರೆಲ್ಲ ಡ್ರೈವರನನ್ನು ಸಿಡುಕಪ್ಪ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟ ಪುಣ್ಯಾತ್ಮನೂ ಈ ಭಾವನೇ. ದಾರಿಯಲ್ಲಿ ನೆರವಿಗೆಂದು ಕಾಡುಹುಲ್ಲಿನ ಬೀಜ ಸಂಗ್ರಹಿಸುವ ಬೀಜದ ಮೇಡಂ ಮುಂದಿನ ಸೀಟಿನಲ್ಲಿ ಕೂತರು. ಹನ್ನೊಂದಕ್ಕೆ ಹೊರಟರು.

ಗುಡ್ಡದ ದಾರಿಗೆ ಇಪ್ಪತ್ತೊಂದು ತಿರುವು. ಎಡಕ್ಕೆ ಎದೆಯೆತ್ತರದ ಹುಲ್ಲು ಬಿಸಿಲಿಗೆ ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು, ಗಾಳಿ ಬೀಸಿದಾಗಲೆಲ್ಲ ಇಡೀ ಇಳಿಜಾರು ಒಂದೇ ಕಡೆಗೆ ಬಾಗಿ ಏಳುತ್ತಿತ್ತು. ಬಲಕ್ಕೆ ಪ್ರಪಾತ, ಅದರ ತಳದಲ್ಲಿ ತೆಳ್ಳಗೆ ಹರಿಯುವ ಹಳ್ಳ. ಅಲ್ಲಲ್ಲಿ ದಾರಿಯೇ ಅರ್ಧ ಕುಸಿದು, ಜೀಪಿನ ಒಂದು ಬದಿಯ ಚಕ್ರಗಳಿಗೆ ಮಾತ್ರ ಗಟ್ಟಿ ನೆಲ ಸಿಗುತ್ತಿತ್ತು. ಭಾವನಿಗೆ ಕುಲುಕಬಾರದೆಂದು ಸಿಡುಕಪ್ಪ ಒಂದನೇ ಗೇರಿನಲ್ಲೇ ಹತ್ತಿಸುತ್ತಿದ್ದ.

ಒಂಬತ್ತನೇ ತಿರುವಿನಲ್ಲಿ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು.

ಸಿಡುಕಪ್ಪ ಬ್ರೇಕ್ ಒತ್ತಿದ. ಕೀ ತಿರುಗಿಸಿ ಇಂಜಿನ್ ಆರಿಸಿದ. ಚಕ್ರಕ್ಕೆ ಕಲ್ಲು ಕೊಟ್ಟ. ಜೀಪಿನ ಮುಂಭಾಗಕ್ಕೆ ಬಂದವನು ಹಣೆ ಚಚ್ಚಿಕೊಂಡ.

ರೇಡಿಯೇಟರಿನ ಮುಂದೆ, ಗಾಳಿ ಹೋಗಬೇಕಾದ ಜಾಲರಿಗೆ, ಹಸಿ ಬೀಜದ ಮೂರು ಚೀಲಗಳು ಸಾಲಾಗಿ ನೇತಾಡುತ್ತಿದ್ದವು! ಓಡುವ ಗಾಳಿಗೆ ಬೀಜ ಬೇಗ ಒಣಗುತ್ತದೆಂದು ಎರಡು ವರ್ಷದಿಂದ ನಡೆದುಬಂದ ಪದ್ಧತಿ ಅದು. ಬಯಲಿನಲ್ಲಿ ಏನೂ ಆಗಿರಲಿಲ್ಲ. ಇವತ್ತಿನ ಗಡಿಬಿಡಿಯಲ್ಲಿ ಬಿಚ್ಚಲು ಯಾರಿಗೂ ನೆನಪಾಗಿರಲಿಲ್ಲ.

"ಏನ್ ಮೇಡಂ ಇದು? ಇಂಜಿನ್ನಿನ ಮೂಗು ಮುಚ್ಚಿ ಗುಡ್ಡ ಹತ್ತು ಅಂದ್ರೆ ಹತ್ತುತ್ತಾ? ನಿಮ್ಮ ಬೀಜದ ಮನೆ ಹಾಳಾಗ!"

ಮೇಡಂ ಮುಖ ಕೆಂಪಾಯಿತು. "ತಪ್ಪಾಯ್ತು. ಈಗ ಏನ್ ಮಾಡೋಣ ಹೇಳಿ."

"ಏನ್ ಮಾಡೋದು? ತಣ್ಣಗಾಗೋ ತನಕ ಮುಚ್ಚಳ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ಮುಖ ಬೇಯುತ್ತೆ. ನೀರು ನೋಡಿದ್ರೆ ಐದೇ ಲೀಟರು!"

ಹಿಂದಿನಿಂದ ಭಾವನ ಸೋತ ದನಿ ಬಂತು. "ಲೋ ಸಿಡುಕಪ್ಪ, ಜೀಪಿಗಿಂತ ನೀನೇ ಜಾಸ್ತಿ ಕುದೀತಿದ್ದೀಯಲ್ಲೋ."

"ನೀನು ಸುಮ್ನೆ ಮಲಕ್ಕೋ ಭಾವ!"

ಮೇಡಂ ಜೀಪಿನ ಹಿಂದೆ ಹೋಗಿ ಎರಡು ದೊಡ್ಡ ಕ್ಯಾನು ಎಳೆದು ತೆಗೆದರು. ಎರಡರ ತುಂಬ ಒಣಗಿಸಿ, ಕೇರಿ, ಆರಿಸಿಟ್ಟ ಬೀಜ. ಎರಡು ತಿಂಗಳ ದುಡಿಮೆ. ಮುಚ್ಚಳ ಬಿಚ್ಚಿ, ಒಂದಾದ ಮೇಲೊಂದು, ದಾರಿಯ ಅಂಚಿಗೆ ಸುರಿದುಬಿಟ್ಟರು. ಗಾಳಿ ಅದನ್ನು ಎತ್ತಿಕೊಂಡು ಹೋಯಿತು. ನೀರು ತರಲೆಂದು ಖಾಲಿ ಕ್ಯಾನು ಹಿಡಿದು ಕಾಲುದಾರಿಯಲ್ಲಿ ಹಳ್ಳದ ಕಡೆಗೆ ಇಳಿದರು.

ಸಿಡುಕಪ್ಪ ಅವರನ್ನೇ ನೋಡುತ್ತ ನಿಂತ. ಮೂರನೇ ತಿರುವಿನಲ್ಲೇ ಇಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೇರಿದ್ದನ್ನು ಅವನು ಕಂಡಿದ್ದ. ನಿಲ್ಲಿಸಿದರೆ ತಡವಾದೀತು, ಭಾವನ ಕಾಲು ಹೋದೀತು ಎಂದು ಕಂಡೂ ಕಾಣದವನಂತೆ ಓಡಿಸಿದ್ದ. ಆರು ತಿರುವು! ಈಗ ಹೇಳಿಬಿಡಬೇಕು ಎನ್ನಿಸಿತು. ಹೇಳದೆ ಜಾಲರಿಯ ಚೀಲಗಳನ್ನು ಬಿಚ್ಚಿ ಜೀಪಿನೊಳಗೆ ಎಸೆದ. ಸಿಟ್ಟು ಮಾತ್ರ ಇನ್ನೂ ಏರಿತು, ಅದೂ ತನ್ನ ಮೇಲೇ.

ಮುಕ್ಕಾಲು ಗಂಟೆ ಕಳೆದು ಮೇಡಂ ತುಂಬಿದ ಕ್ಯಾನು ಹೊತ್ತು ಬಂದ ಮೇಲೆ ಬಟ್ಟೆ ಸುತ್ತಿ ರೇಡಿಯೇಟರಿನ ಮುಚ್ಚಳ ತೆಗೆದ. ಸ್ವಲ್ಪ ಸ್ವಲ್ಪವೇ ನೀರು ಹೊಯ್ದು ಇಂಜಿನ್ ಶುರು ಮಾಡಿದ. ರೇಡಿಯೇಟರಿನ ಬಾಯಲ್ಲಿ ಗುಳುಗುಳು ಗುಳ್ಳೆ. ಹಿಂದೆ ಸೈಲೆನ್ಸರಿನಿಂದ ಬೆಳ್ಳನೆ ಹೊಗೆ.

"ಗ್ಯಾಸ್ಕೆಟ್ ಹೋಯ್ತು, ನೀರು ಇಂಜಿನ್ನೊಳಗೆ ಸೋರ್ತಿದೆ," ಎಂದ. ಆಯಿಲ್ ಕಡ್ಡಿ ಎಳೆದು ಬೆರಳಲ್ಲಿ ಉಜ್ಜಿ ನೋಡಿದ. "ಆಯಿಲ್‌ಗೆ ಇನ್ನೂ ನೀರು ಬೆರೆತಿಲ್ಲ, ಕಪ್ಪಗೇ ಇದೆ. ಮುಚ್ಚಳ ಸಡಿಲ ಬಿಟ್ಟು, ತಿರುವಿಗೊಂದ್ಸಲ ನಿಲ್ಸಿ ನೀರು ಹಾಕ್ತಾ ಹೋದ್ರೆ ನೆತ್ತಿ ಮುಟ್ಟಬಹುದು."

"ನೆತ್ತಿ ಆದ್ಮೇಲೆ?"

"ಆಮೇಲೆ ಇಳಿಜಾರು. ಇಂಜಿನ್ ಸತ್ರೂ ಚಿಂತೆ ಇಲ್ಲ."

ಇಂಜಿನ್ನಿನ ಬಿಸಿ ಎಳೆದುಕೊಳ್ಳಲಿ ಎಂದು ಹೀಟರನ್ನೂ ಪೂರ್ತಿ ತಿರುಗಿಸಿದ. ಉರಿಬಿಸಿಲು, ಅದರ ಮೇಲೆ ಹೀಟರು! ಮೂವರೂ ಬೆವರಿನಲ್ಲಿ ತೊಯ್ದರು. ಹತ್ತನೇ ತಿರುವು. ನೀರು. ಹನ್ನೊಂದು. ನೀರು. ಹದಿನೈದರಲ್ಲಿ ಕ್ಯಾನು ಬರಿದಾಯಿತು; ಮೇಡಂ ಹತ್ತಿರದ ಒರತೆಗೆ ಇಳಿದು, ಜಾರಿ, ಮೊಣಕೈ ತರಚಿಕೊಂಡು ನೀರು ತಂದರು. ಭಾವ ತಮಾಷೆ ಮಾಡುವುದನ್ನು ನಿಲ್ಲಿಸಿದ್ದ. ಅದಕ್ಕೇ ಸಿಡುಕಪ್ಪನಿಗೆ ಜೀವ ಹಾರಿದಂತಾಯಿತು.

ಗಂಟೆ ನಾಲ್ಕೂವರೆ. ನೆತ್ತಿ ದಾಟುತ್ತಿದ್ದಂತೆಯೇ ಒಳಗೆ ಟಕ್ ಟಕ್ ಎಂದು ಬಡಿತ, ಒಂದು ಜಗ್ಗು. ಇಂಜಿನ್ ನಿಂತೇಹೋಯಿತು.

ಜೀಪು ಉರುಳತೊಡಗಿತು.

ಇಂಜಿನ್ನಿನ ಬಲ ತಪ್ಪಿದ್ದೇ ಸ್ಟೇರಿಂಗು ಕಲ್ಲಾಯಿತು. ಬ್ರೇಕ್ ಪೆಡಲು ಎರಡೂ ಕಾಲಿಟ್ಟು ತುಳಿದರೂ ಹಿಡಿಯಲೊಲ್ಲದು.

"ಮೇಡಂ, ಹ್ಯಾಂಡ್‌ಬ್ರೇಕು! ನಾನು 'ಹೂಂ' ಅಂದಾಗ ಎಳೀರಿ, 'ಬಿಡಿ' ಅಂದ್ರೆ ಬಿಡಿ!"

"ಸರಿ!"

"ಹೂಂ... ಬಿಡಿ... ಹೂಂ! ಎಳೀರಿ, ಎಳೀರಿ!"

ಹಿಂಬದಿ ಜಾರಿತು. ಜಲ್ಲಿಕಲ್ಲು ಪ್ರಪಾತಕ್ಕೆ ಚಿಮ್ಮಿತು. ಸಿಡುಕಪ್ಪ ಎದೆಯನ್ನೇ ಸ್ಟೇರಿಂಗಿಗೆ ಒತ್ತಿ ತಿರುಗಿಸಿದ. ತಿರುವು ಕಳೆಯಿತು. ಹೀಗೆಯೇ ಆರು ತಿರುವು, ಒಂದೊಂದೂ ಒಂದೊಂದು ಗಂಡಾಂತರ.

ಆಸ್ಪತ್ರೆಯ ಗೇಟಿಗೆ ಇನ್ನು ನೂರು ಹೆಜ್ಜೆ ಇರುವಾಗ ನೆಲ ಸಮವಾಗಿ ಜೀಪು ತಾನಾಗಿ ನಿಂತಿತು. ಸಿಡುಕಪ್ಪ ಕೂಗುತ್ತ ಓಡಿದ. ಸ್ಟ್ರೆಚರು ಬಂತು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು.

ಒಂದು ಗಂಟೆಯ ನಂತರ ಡಾಕ್ಟರು ಹೊರಬಂದರು. "ರಕ್ತ ಓಡ್ತಾ ಇದೆ. ಕಾಲು ಉಳೀತು."

ಸಿಡುಕಪ್ಪ ಬೆಂಚಿನ ಮೇಲೆ ಕುಸಿದ. ಪಕ್ಕದಲ್ಲಿ ಮೇಡಂ. "ಮೇಡಂ," ಎಂದ, ನೆಲ ನೋಡುತ್ತ. "ಮುಳ್ಳು ಮೇಲೆ ಹೋಗಿದ್ದು ಮೂರನೇ ತಿರುವಲ್ಲೇ ನೋಡಿದ್ದೆ. ನಿಲ್ಲಿಸ್ಲಿಲ್ಲ. ಆಗ್ಲೇ ನಿಲ್ಸಿದ್ರೆ ಚೀಲ ಬಿಚ್ಚಿ ಹತ್ತೇ ನಿಮಿಷಕ್ಕೆ ಹೊರಡಬಹುದಿತ್ತು. ಇಂಜಿನ್ನೂ ಉಳೀತಿತ್ತು, ನಿಮ್ಮ ಬೀಜವೂ ಉಳೀತಿತ್ತು."

ಮೇಡಂ ಅವನನ್ನೇ ದಿಟ್ಟಿಸಿದರು. "ಮತ್ತೆ ಅಷ್ಟೊಂದು ಬೈದ್ರಲ್ರೀ ನನ್ನ!"

"ಬೈದೆ. ತಪ್ಪು ನಂದೇ."

ಮೇಡಂ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡರು. ಆಮೇಲೆ ತಮ್ಮ ಚೀಲದಲ್ಲಿದ್ದ ತಿಂಡಿ ಡಬ್ಬಿಯ ಮುಚ್ಚಳ ತೆಗೆದು ಇಬ್ಬರ ನಡುವೆ ಇಟ್ಟರು.

"ಕಾಲು ಮೇಲಿಡಿ."

ಸಿಡುಕಪ್ಪನ ಸಾಕ್ಸು, ಪ್ಯಾಂಟಿನ ಅಂಚು, ಎಲ್ಲೆಲ್ಲೂ ಗುಡ್ಡದ ಹುಲ್ಲಿನ ಬೀಜ ಕಚ್ಚಿಕೊಂಡಿತ್ತು. ಮೇಡಂ ಒಂದೊಂದಾಗಿ ಕಿತ್ತು ಮುಚ್ಚಳಕ್ಕೆ ಹಾಕತೊಡಗಿದರು. ಅವನೂ ಬಗ್ಗಿ, ಗ್ರೀಸು ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು, ಇನ್ನೊಂದು ಸಾಕ್ಸಿನದನ್ನು ಕೀಳಲು ಕೂತ.

ಒಳಗಿನಿಂದ ಭಾವನ ಕೂಗು ಕೇಳಿತು. "ಸಿಡುಕಪ್ಪಾ! ಅಕ್ಕಂಗೆ ಫೋನ್ ಮಾಡ್ದ್ಯೇನೋ?"

"ತಾಳು ಭಾವ," ಎಂದ ಸಿಡುಕಪ್ಪ, ಸಿಡುಕದೆ. "ಒಂದು ಕಾಲು ಮುಗಿದಿದೆ, ಇನ್ನೊಂದು ಬಾಕಿ ಇದೆ."