ಮೊಳೆಗೆ ತೂಗಿದ ಬಿಲ್ಲೆ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸುರಪುರ ಠಾಣೆಗೆ ದೂರು ಬಂತು. ಮುಚ್ಚಿಹೋಗಿದ್ದ ಚಿನ್ನದ ಗಣಿಯನ್ನು ಪ್ರವಾಸಿಗರಿಗಾಗಿ ತೆರೆದು ಇನ್ನೂ ವಾರವಾಗಿರಲಿಲ್ಲ. ಅಲ್ಲಿನ ವಸ್ತುಸಂಗ್ರಹಾಲಯದಿಂದ ಹಿತ್ತಾಳೆಯ ಒಂದು ಬಿಲ್ಲೆ ಕಳವಾಗಿದೆ ಎಂದು ವ್ಯವಸ್ಥಾಪಕ ಕಾಂತೇಶ ಬರೆದುಕೊಟ್ಟ. ಇನ್‌ಸ್ಪೆಕ್ಟರ್ ಸುಕನ್ಯಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಹಣಮೇಶನೊಂದಿಗೆ ಜೀಪು ಹತ್ತಿದರು.

ಗಣಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದರು. ಹಣಮೇಶ ಅದರ ಸಂದಿಯಿಂದ ಒಂದು ಕಲ್ಲು ಬಿಟ್ಟ. ಸದ್ದೇ ಇಲ್ಲ. ಇಬ್ಬರೂ ಕಾದರು. ಬಹಳ ಹೊತ್ತಿನ ಮೇಲೆ ಭೂಮಿಯೊಳಗೆ ಎಲ್ಲೋ ನೀರು ನಿಟ್ಟುಸಿರು ಬಿಟ್ಟಂತಾಯಿತು. ಹಣಮೇಶ ಟೋಪಿ ತೆಗೆದ.

"ಇದರಾಗ ದಿನಾ ಇಳೀತಿದ್ರಂತಾ ಮೇಡಂ?"

ವಸ್ತುಸಂಗ್ರಹಾಲಯದ ಒಳಗೆ ಗೋಡೆ ತುಂಬ ಗಣಿ ಕಾರ್ಮಿಕರ ಹೆಸರು ಕೆತ್ತಿದ ಬಿಲ್ಲೆಗಳು. ಉಜ್ಜಿ ಹೊಳಪಿಸಿ, ಸಾಲಾಗಿ ಮೊಳೆಗೆ ತೂಗಿ, ಮೇಲಿಂದ ದೀಪ ಬಿಟ್ಟಿದ್ದರು. ಒಂದು ಮೊಳೆ ಮಾತ್ರ ಬೋಳು. ಮುಂದಿನ ಗಾಜು ಒಡೆದಿರಲಿಲ್ಲ, ಅದರ ಸ್ಕ್ರೂ ಬಿಚ್ಚಿ, ಮತ್ತೆ ಹಾಕಿದ್ದರು.

"ಬಂಗಾರ ಅಂತ ಒಯ್ದಾರೇನ್ರಿ?" ಎಂದ ಹಣಮೇಶ.

"ಹಂಗಾದ್ರ ಒಂದಕ್ಕ ಬಿಡ್ತಿದ್ರೇನೋ?" ಸುಕನ್ಯಾ ಪಕ್ಕದಲ್ಲಿದ್ದ ವ್ಯವಸ್ಥಾಪಕನತ್ತ ತಿರುಗಿದರು. "ಕಾಂತೇಶ, ಇದು ಯಾರ ಬಿಲ್ಲೆ?"

"ರಂಗಂಪೇಟೆ ಅಮಾತೆಪ್ಪಂದ್ರಿ. ಮೊದಲ ಇಲ್ಲೇ ಗಣಿ ಇಳೀತಿದ್ದ. ಉದ್ಘಾಟನೆಗೆ ಬಂದಿದ್ದ. ಈ ಬಿಲ್ಲೆ ಗೋಡಿ ನೋಡಿದ್ದೇ ಮುದುಕ ಕುಸಿದು ಕುಂತ. ಖುಷಿಗಿರಬೇಕ್ರಿ."

ಮಧ್ಯಾಹ್ನ ಇಬ್ಬರೂ ರಂಗಂಪೇಟೆ ತಲುಪಿದರು. ಅಮಾತೆಪ್ಪ ಮಂಚದ ಮೇಲಿದ್ದ. ಕಲ್ಲಿನ ಧೂಳು ತುಂಬಿದ ಎದೆ ಸಿಳ್ಳೆ ಹಾಕುತ್ತಿತ್ತು. ಬಲಮುಷ್ಟಿ ಬಿಗಿದಿತ್ತು. ಕೇಳುವ ಮೊದಲೇ ಹೆಂಡತಿ ಮಲ್ಲಾಬಾಯಿ ಎದ್ದು ನಿಂತಳು.

"ನಾನೇ ತಂದೀನ್ರಿ. ಚಾ ಕುಡೀತೀರೇನು?"

"ಹೆಂಗ ತಗದಿ?" ಎಂದು ಸುಕನ್ಯಾ ಕೇಳಿದರು.

"ಅಲ್ಲೇ ಕಸ ಹೊಡೀತೀನಲ್ರಿ. ಚಮಚದ ತುದೀಲೆ ಬಿಚ್ಚಿದೆ."

"ಯಾಕ?"

"ಗಣಿ ಇಳಿಯೋವಾಗ ಬಿಲ್ಲಿ ಮೊಳಿಗೆ ಹಾಕಬೇಕು, ಮ್ಯಾಲ ಬಂದು ತಗೋಬೇಕು. ಬಿಲ್ಲಿ ತೂಗಾಕತ್ತೈತಿ ಅಂದ್ರ ಮನಷ್ಯಾ ಇನ್ನಾ ಒಳಗದಾನ. ಸಾಯೇಬ್ರು ಚಂದ ಕಾಣಲಿ ಅಂತ ಅಷ್ಟೂ ಮಂದೀನ ಒಳಗ ಇಳಿಸಿಬಿಟ್ಟಾರ. ಅವತ್ತಿಂದ ಇವರು, 'ನಾ ಇನ್ನಾ ಕೆಳಗದೀನಿ, ಮಲ್ಲಿ' ಅಂತ ಕಣ್ಣ ಮುಚ್ಚವಲ್ರು. ಡಾಕ್ಟರು ಇನ್ನ ಭಾಳ ದಿನ ಇಲ್ಲ ಅಂದಾರ. ಕತ್ತಲಾಗ ಬಿಟ್ಟು ಕಳಿಸಲೇನ್ರಿ?"

"ಕೇಳಬೇಕಿತ್ತಲ್ಲವ್ವಾ."

"ಕೇಳಿದ್ನ್ರಿ. ನಕ್ಕರು. ಅಜ್ಜಿ, ಮುಟ್ಟಬ್ಯಾಡ, ಅದು ಪರಂಪರೆ ಅಂದ್ರು."

ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಮಲ್ಲಾಬಾಯಿಯನ್ನು ಬಂಧಿಸಿರುವುದಾಗಿ ಸುಕನ್ಯಾ ತಿಳಿಸಿದರು. ಸಂಜೆಯೊಳಗೆ ಠಾಣಾ ಜಾಮೀನು ಕೊಡುವುದಾಗಿಯೂ ಹೇಳಿದರು. ಬಿಲ್ಲೆ ಜಪ್ತಿ ಮಾಡಬೇಕಿತ್ತು. ಮುಷ್ಟಿ ಬಿಡಿಸಲು ಹಣಮೇಶನ ಕೈ ಮುಂದಾಗಲಿಲ್ಲ. ಅಮಾತೆಪ್ಪನೇ ಕಣ್ಣು ತೆರೆದು ಖಾಕಿಯನ್ನು ದಿಟ್ಟಿಸಿದ. ಬೆಚ್ಚಗಿದ್ದ ಬಿಲ್ಲೆಯನ್ನು ಸುಕನ್ಯಾರ ಅಂಗೈಯಲ್ಲಿಟ್ಟ.

"ನಾ ಮ್ಯಾಲ ಬಂದೀನ್ರಿ. ಉಳದವ್ರು?"

ಸುಕನ್ಯಾ ಅಂಗಳಕ್ಕೆ ಬಂದು ಕಾಂತೇಶನಿಗೆ ಫೋನು ಹಚ್ಚಿದರು.

"ಗೋಡಿ ಮ್ಯಾಲಿನ ಬಿಲ್ಲೆ ಎಲ್ಲಾ ತಗೀರಿ."

"ಮೇಡಂ, ಪ್ರವಾಸಿಗರು ನಿಂತಾರ್ರಿ..."

"ಅವರ ಮುಂದೇ ತಗೀರಿ. ಒಂದೊಂದಾಗಿ. ಹೆಸರು ಕೂಗಿ."