ಇನ್ನೊಬ್ಬರು ಬಿಟ್ಟರೆ

"ಟಾಯ್ಲೆಟ್ ಎಷ್ಟು ದಿನಕ್ಕೊಂದ್ಸಲ ತೊಳೀಬೇಕು ಅಂತೀಯ?" ಎಂದು ರೂಲೋಫ್ ಕೇಳಿದ.

ಸೋಫಾದ ಮೇಲೆ ಕೂತಿದ್ದ ಅಲೀಡಾ ಯೋಚನೆಯನ್ನೇ ಮಾಡಲಿಲ್ಲ. "ವಾರಕ್ಕೊಂದ್ಸಲ. ನಿಮ್ಮದನ್ನ ಈಗ ತಾನೇ ನೋಡಿ ಬಂದೆ. ಅದನ್ನ ಇವತ್ತೇ ತೊಳೀಬೇಕು."

ಎಲ್ಲರೂ ಹೋ ಎಂದು ನಕ್ಕರು. ಬಾಗಿಲ ಹತ್ತಿರ ಬಿಯರ್ ಡಬ್ಬಿಗಳ ಕ್ರೇಟಿನ ಮೇಲೆ ಕೂತಿದ್ದ ಫಾಮ್ಕೆಗೆ ಸಮಾಧಾನವಾಯಿತು. ನಗಿಸಿದರೆ ಅರ್ಧ ಗೆದ್ದ ಹಾಗೆ ಎಂದು ರೈಲಿನಲ್ಲಿ ಅಕ್ಕ ಅಲೀಡಾ ಹೇಳಿದ್ದಳು.

ಖಾಲಿ ಇದ್ದದ್ದು ಒಂದು ರೂಮು. ಬಂದವರು ಒಂಬತ್ತು ಜನ. ಗ್ರೋನಿಂಗನ್ ನಗರದ ವಿದ್ಯಾರ್ಥಿ ಮನೆಗಳಲ್ಲಿ ಹೊಸಬರನ್ನು ಆರಿಸುವುದು ಮನೆಯ ಮಾಲೀಕನಲ್ಲ, ಒಳಗಿರುವ ವಿದ್ಯಾರ್ಥಿಗಳೇ. ಎಲ್ಲರನ್ನೂ ಒಂದೇ ಸಂಜೆ ಕರೆಯುತ್ತಾರೆ. ಸೋಫಾದ ಮೇಲೆ ಕೂರಿಸಿ ಏನು ಬೇಕಾದರೂ ಕೇಳುತ್ತಾರೆ. ಕೊನೆಗೆ ಒಬ್ಬರಿಗೆ ಮಾತ್ರ ಫೋನ್ ಮಾಡುತ್ತಾರೆ.

ಫಾಮ್ಕೆ ಅಲ್ಲಿರಬೇಕಾದವಳೇ ಅಲ್ಲ. ಅಪ್ಪ ಹಡಗಿನ ಕೆಲಸಕ್ಕೆ ಹೋದವನು ತಿಂಗಳ ಕೊನೆಗೇ ಬರುವುದು. ಅಮ್ಮನಿಗೆ ವೃದ್ಧಾಶ್ರಮದಲ್ಲಿ ಸಂಜೆಯ ಪಾಳಿ. ಹತ್ತು ವರ್ಷದ ತಂಗಿಯನ್ನು ಹಾರ್ಲಿಂಗನ್ನಿನ ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಅಲೀಡಾ ಕರೆತಂದಿದ್ದಳು. ಒಂದೇ ಒಂದು ಷರತ್ತು ಹಾಕಿದ್ದಳು: "ನೀನಾಗಿ ಬಾಯಿ ಬಿಡಬಾರದು. ಯಾರಾದ್ರೂ ಕೇಳಿದ್ರೆ ಮಾತ್ರ."

"ಏನು ಓದ್ತೀಯ?" ಎಂದು ಈಗ ಎಲ್ಸ್‌ಬೆತ್ ಕೇಳಿದಳು. ರೂಲೋಫ್‌ನ ಹಾಗೆ ಅವಳೂ ಆ ಮನೆಯವಳೇ. ಮೂಗು ಕೆಂಪಗೆ, ಕೈಯಲ್ಲಿ ಸದಾ ಒಂದು ಟಿಶ್ಯೂ.

"ಮೆಡಿಕಲ್. ಅಂದ್ರೆ, ಇನ್ನೂ ಸೀಟು ಸಿಕ್ಕಿಲ್ಲ." ಅಲೀಡಾಳ ದನಿ ಸ್ವಲ್ಪ ಇಳಿಯಿತು. "ನನ್ನ ನಂಬರು ನಾನೂರ ಮೂವತ್ತೇಳು. ಪಟ್ಟಿಯಲ್ಲಿ ನಾನೂರ ಮೂವತ್ತಾರರ ತನಕ ಕರೆದಿದ್ದಾರೆ."

"ಒಂದೇ ನಂಬರಾ!" ರೂಲೋಫ್ ತಲೆ ಹಿಡಿದುಕೊಂಡ. "ನಾನಾಗಿದ್ರೆ ಹುಚ್ಚು ಹಿಡೀತಿತ್ತು."

"ಹಿಡಿದಿದೆ. ಹೊರಗೆ ಕಾಣಿಸ್ತಿಲ್ಲ ಅಷ್ಟೆ. ಇನ್ನೊಬ್ಬರು ಬಿಟ್ಟರೆ ಸೀಟು ನನಗೆ."

ಮತ್ತೆ ನಗು. ಕಿಟಕಿಯ ಬಳಿ ನಿಂತಿದ್ದ ಒಬ್ಬ ಉದ್ದನೆಯ ಹುಡುಗ ಮಾತ್ರ ನಗಲಿಲ್ಲ. ಅವನು ತನ್ನ ಶೂ ನೋಡುತ್ತ ನಿಂತ. ಅವನ ಸರದಿ ಬಂದಾಗ, "ಹೆಸರು ಯೊರಿಟ್. ನಾನೂ ಮೆಡಿಕಲ್ಲೇ. ನನಗೆ ಸಿಕ್ಕಿದೆ" ಎಂದು ಬೇಗ ಬೇಗ ಹೇಳಿ ಮುಗಿಸಿದ.

ಫಾಮ್ಕೆ ಅಕ್ಕನ ಮುಖ ನೋಡಿದಳು. ಅಲೀಡಾ ಹಲ್ಲು ಕಾಣುವ ಹಾಗೆ ನಗುತ್ತಿದ್ದಳು. ಕೈ ಮಾತ್ರ ಸೋಫಾದ ದಾರ ಕೀಳುತ್ತಿತ್ತು.

ಅವರ ಮನೆಯ ಅಡುಗೆಕೋಣೆಯ ಬಾಗಿಲಿಗೆ ಕಪ್ಪು ಬಣ್ಣ ಬಳಿದಿತ್ತು, ಶಾಲೆಯ ಬೋರ್ಡಿನ ಹಾಗೆ. ಇನ್ನೂ ಎಷ್ಟು ಜನ ಬಿಡಬೇಕು ಎಂದು ಅದರ ಮೇಲೆ ಚಾಕ್‌ಪೀಸಿನಲ್ಲಿ ಬರೆಯುವುದು ಫಾಮ್ಕೆಯ ಕೆಲಸ. ಏಪ್ರಿಲಿನಲ್ಲಿ ಇಪ್ಪತ್ತೇಳು ಎಂದು ಬರೆದಿದ್ದಳು. ಯಾರಾದರೂ ಸೀಟು ಬೇಡ ಎಂದಾಗಲೆಲ್ಲ ಹಳೆಯದನ್ನು ಒರೆಸಿ ಹೊಸದನ್ನು ಬರೆಯುವಳು. "ಇನ್ನೊಬ್ಬ ಔಟ್!" ಎಂದು ಕೂಗಿ ಒಂದು ಸಲ ಕುಣಿಯುವಳು. ಈಗ ಅಲ್ಲಿ ಇದ್ದದ್ದು 1. ಹನ್ನೆರಡು ದಿನದಿಂದ ಅದು ಅಲ್ಲಾಡಿರಲಿಲ್ಲ.

ಕಳೆದ ವರ್ಷ ಹನ್ನೊಂದು ಎನ್ನುವಾಗ ಪಟ್ಟಿ ನಿಂತುಹೋಗಿತ್ತು. ಅವತ್ತು ಅಲೀಡಾ ಬಚ್ಚಲುಮನೆಯ ಚಿಲಕ ಹಾಕಿಕೊಂಡು ಒಂದು ಗಂಟೆ ನಲ್ಲಿ ಬಿಟ್ಟಿದ್ದಳು. ಆಮೇಲೆ ವರ್ಷವಿಡೀ ಸೂಪರ್ ಮಾರ್ಕೆಟ್ಟಿನಲ್ಲಿ ಹಾಲಿನ ಡಬ್ಬಿ ಜೋಡಿಸಿದಳು. ಈ ಸಲವೂ ಆಗದಿದ್ದರೆ ಮತ್ತೆ ಪ್ರಯತ್ನ ಮಾಡುವುದಿಲ್ಲ ಎಂದು ಹೇಳಿಬಿಟ್ಟಿದ್ದಳು. ಅಲೀಡಾ ಹೇಳಿದರೆ ಹೇಳಿದ ಹಾಗೆಯೇ.

ಪ್ರಶ್ನೆಗಳು ಮುಗಿದ ಮೇಲೆ ಎಲ್ಲರೂ ಎದ್ದು ಗ್ಲಾಸು ಹಿಡಿದು ಓಡಾಡತೊಡಗಿದರು. ಫಾಮ್ಕೆ ಹಿತ್ತಲಿಗೆ ಹೋದಳು. ಎಂಟು ಗಂಟೆಯಾಗಿದ್ದರೂ ಜೂನ್ ತಿಂಗಳ ಬಿಸಿಲು ಗೋಡೆಯ ಮೇಲಿತ್ತು. ಯೊರಿಟ್ ಅಲ್ಲೇ ಇದ್ದ. ಹೆಜ್ಜೆ ಎಣಿಸುತ್ತ ಹುಲ್ಲಿನ ಜಾಗವನ್ನು ಅಳೆಯುತ್ತಿದ್ದ.

"ಏನ್ ಮಾಡ್ತಿದ್ದೀಯ?"

"ಗೂಡು ಇಲ್ಲಿ ಹಿಡಿಸುತ್ತಾ ನೋಡ್ತಿದ್ದೆ."

"ಯಾವ ಗೂಡು?"

ಯೊರಿಟ್ ಹಿಂದೆ ತಿರುಗಿ ಬಾಗಿಲ ಕಡೆ ನೋಡಿದ. ಆಮೇಲೆ ಫೋನು ತೆಗೆದು ಒಂದು ಫೋಟೋ ತೋರಿಸಿದ. ಬೂದು ಬಣ್ಣದ ಮೊಲ. ಒಂದು ಕಿವಿ ಮೇಲೆ, ಇನ್ನೊಂದು ಕೆಳಗೆ.

"ಇವನ ಹೆಸರು ಬೋನ್. ಏಳು ವರ್ಷ. ಅಜ್ಜ ಆಗಿದ್ದಾನೆ, ಬರೀ ನಿದ್ದೆ. ನಮ್ಮಮ್ಮ ಚಿಕ್ಕ ಫ್ಲಾಟಿಗೆ ಹೋಗ್ತಿದ್ದಾಳೆ. ಅಲ್ಲಿ ಇವನನ್ನ ಇಡೋ ಹಾಗಿಲ್ಲ."

"ಇಲ್ಲಿ ಇಡಬಹುದಾ?"

"ಜಾಹೀರಾತಿನಲ್ಲಿ ಪ್ರಾಣಿ ಬೇಡ ಅಂತ ಹಾಕಿದ್ದಾರೆ. ಮೊದಲು ರೂಮು ಸಿಗಲಿ. ಆಮೇಲೆ ನಿಧಾನಕ್ಕೆ ಹೇಳೋಣ ಅಂತ." ಅವನು ತುಟಿಯ ಮೇಲೆ ಬೆರಳಿಟ್ಟ. "ನೀನು ಹೇಳ್ಬೇಡ ಮತ್ತೆ."

ಜೇಬಿನಿಂದ ಕಪ್ಪು ಉಪ್ಪುಮಿಠಾಯಿಯ ಪೊಟ್ಟಣ ತೆಗೆದು ಅವಳ ಮುಂದೆ ಹಿಡಿದ. ಫಾಮ್ಕೆ ಎರಡು ತೆಗೆದುಕೊಂಡಳು. ಒಂದನ್ನು ಬಾಯಿಗೆ ಹಾಕಿ ಇನ್ನೊಂದನ್ನು ಜೇಬಿಗೆ ಹಾಕಿದಳು.

"ಇಲ್ಲಿ ರೂಮು ಸಿಗದಿದ್ರೆ?"

"ಸಿಗದಿದ್ರೆ ಮಾಸ್ಟ್ರಿಕ್ಟ್. ಅಲ್ಲೂ ಸೀಟು ಕೊಟ್ಟಿದ್ದಾರೆ, ಹಾಸ್ಟೆಲ್ ಕೂಡ ಇದೆ. ನಾಲ್ಕೂವರೆ ಗಂಟೆ ರೈಲು. ನನ್ನ ಫ್ರೆಂಡ್ಸ್ ಎಲ್ಲ ಇಲ್ಲೇ ಇದ್ದಾರೆ. ಆದರೆ ಬೀದಿಯಲ್ಲಿ ಮಲಗಿ ಓದೋಕಾಗುತ್ತಾ? ಹತ್ತೊಂಬತ್ತು ಮನೆ ನೋಡಿದೆ. ಇದೇ ಕೊನೇದು. ನಾಳೆ ರಾತ್ರಿ ಹನ್ನೆರಡರೊಳಗೆ ಯಾವುದಾದ್ರೂ ಒಂದು ಸೀಟು ಬಿಡಲೇಬೇಕು."

ಫಾಮ್ಕೆ ಮಿಠಾಯಿ ಚೀಪುವುದನ್ನು ನಿಲ್ಲಿಸಿದಳು.

ಲೆಕ್ಕ ಸುಲಭವಾಗಿತ್ತು. ಇವನಿಗೆ ರೂಮು ಸಿಕ್ಕರೆ ಇವನು ಇಲ್ಲೇ ಇರುತ್ತಾನೆ. ಸಿಗದಿದ್ದರೆ ಇಲ್ಲಿನ ಸೀಟು ಬಿಡುತ್ತಾನೆ. ಆಗ ಬಾಗಿಲ ಮೇಲಿನ 1 ಹೋಗುತ್ತದೆ.

ಯೊರಿಟ್ ಅವಳ ಮುಖವನ್ನೇ ನೋಡುತ್ತಿದ್ದ. "ಆ ಟಾಯ್ಲೆಟ್ ಹುಡುಗಿ ನಿಮ್ಮಕ್ಕ ಅಲ್ವಾ?" ಎಂದ.

ಫಾಮ್ಕೆ ತಲೆಯಾಡಿಸಿದಳು.

"ಅನ್ಕೊಂಡೆ. ಮೂಗು ಒಂದೇ ಥರ ಇದೆ." ಅವನು ಫೋನನ್ನು ಜೇಬಿಗೆ ಹಾಕಿದ. "ಚೆನ್ನಾಗಿ ಮಾತಾಡ್ತಾಳೆ." ಒಳಗೆ ಹೋದ.

ಫಾಮ್ಕೆಗೆ ಬಾಯಾರಿಕೆಯಾಯಿತು. ಉಪ್ಪುಮಿಠಾಯಿ ತಿಂದರೆ ಹಾಗೇ. ಅಡುಗೆಕೋಣೆಯಲ್ಲಿ ರೂಲೋಫ್ ಮತ್ತು ಎಲ್ಸ್‌ಬೆತ್ ಒಂದು ಹಾಳೆ ಹಿಡಿದುಕೊಂಡು ಪಿಸಪಿಸ ಮಾತಾಡುತ್ತಿದ್ದರು. ಹಾಳೆಯಲ್ಲಿ ಏಳು ಹೆಸರುಗಳಿಗೆ ಅಡ್ಡಗೀಟು ಬಿದ್ದಿತ್ತು.

"ಬಾ ಪುಟ್ಟಿ, ನೀರು ಬೇಕಾ?" ರೂಲೋಫ್ ಗ್ಲಾಸು ತುಂಬಿಸಿಕೊಟ್ಟ. "ನಾವು ಇಬ್ಬರ ಮಧ್ಯೆ ಸಿಕ್ಕಾಕೊಂಡಿದ್ದೀವಿ. ನಿಮ್ಮಕ್ಕ ಒಬ್ಬಳು. ಆ ಕೊಕ್ಕರೆ ಒಬ್ಬ."

"ನನಗೇನೋ ಹುಡುಗನೇ ಸರಿ ಅನ್ಸುತ್ತೆ" ಎಂದಳು ಎಲ್ಸ್‌ಬೆತ್. "ಅವನಿಗೆ ಸೀಟು ಗ್ಯಾರಂಟಿ. ಇವಳ ಅಕ್ಕ ಸೀಟು ಸಿಗದೆ ಹೋದ್ರೆ ಸೆಪ್ಟೆಂಬರಲ್ಲಿ ಟಾಟಾ ಅಂತಾಳೆ. ಮತ್ತೆ ಒಂಬತ್ತು ಜನಾನ ಕರೀಬೇಕು, ಮತ್ತೆ ಅದೇ ಟಾಯ್ಲೆಟ್ ಪ್ರಶ್ನೆ." ಮೂಗು ಒರೆಸಿಕೊಂಡು ಫಾಮ್ಕೆಯ ಕಡೆ ಬಾಗಿದಳು. "ಅವನು ಹಿತ್ತಲಲ್ಲಿ ನಿನ್ನ ಜೊತೆ ಏನೋ ಮಾತಾಡ್ತಿದ್ದ. ಹೇಗೆ ಹುಡುಗ?"

ಫಾಮ್ಕೆ ನೀರು ಕುಡಿದಳು. ಪೂರ್ತಿ ಗ್ಲಾಸು ಮುಗಿಯುವ ತನಕ ಕುಡಿದಳು.

ಯಾರಾದ್ರೂ ಕೇಳಿದ್ರೆ ಮಾತ್ರ ಎಂದು ಅಕ್ಕ ಹೇಳಿದ್ದಳು. ಈಗ ಕೇಳಿದ್ದರು.

"ಒಳ್ಳೆಯವನು" ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಅವನ ಹತ್ರ ಒಂದು ಮೊಲ ಇದೆ. ಬೋನ್ ಅಂತ. ಇಲ್ಲಿಗೆ ತರ್ತಾನಂತೆ."

"ಏನು?" ಎಲ್ಸ್‌ಬೆತ್ ನೆಟ್ಟಗಾದಳು. "ಮೊಲಾನಾ? ನನಗೆ ಬೆಕ್ಕಿನ ಫೋಟೋ ನೋಡಿದ್ರೇ ಸೀನು ಬರುತ್ತೆ! ನಮಗೆ ಹೇಳಲೇ ಇಲ್ವಲ್ಲ!"

"ಅಂದ್ರೆ ಕದ್ದು ತರೋನು" ಎಂದ ರೂಲೋಫ್. ನಗುತ್ತಲೇ ಪೆನ್ನು ತೆಗೆದು ಎಂಟನೆಯ ಗೀಟು ಎಳೆದ. "ಸರಿ, ಮುಗೀತು ಬಿಡು."

ಸುಳ್ಳು ಹೇಳಿಲ್ಲ ಎಂದು ಫಾಮ್ಕೆ ತನಗೆ ತಾನೇ ಹೇಳಿಕೊಂಡಳು. ಒಂದಕ್ಷರವೂ ಸುಳ್ಳಲ್ಲ.

ಹೊರಡುವಾಗ ಯೊರಿಟ್ ತನ್ನ ಸೈಕಲ್ಲನ್ನು ಉಳಿದ ಸೈಕಲ್ಲುಗಳ ರಾಶಿಯಿಂದ ಬಿಡಿಸಿಕೊಳ್ಳುತ್ತಿದ್ದ. ಫಾಮ್ಕೆಗೆ ಕೈ ಬೀಸಿದ. ಅವಳು ಅಕ್ಕನ ಆ ಪಕ್ಕಕ್ಕೆ ಸರಿದು ನಡೆದಳು.

ಫೋನು ಬಂದದ್ದು ರೈಲಿನಲ್ಲಿ. ಅಲೀಡಾ ಸೀಟಿನಿಂದ ಹಾರಿ ಎದ್ದಳು. "ನನಗೇ! ರೂಮು ನನಗೇ ಕಣೇ!" ಎಂದು ತಂಗಿಯನ್ನು ಹಿಡಿದು ಅಲ್ಲಾಡಿಸಿದಳು. ಎದುರಿನ ಸೀಟಿನ ಮುದುಕ ಪೇಪರು ಇಳಿಸಿ ನೋಡಿದ. ಎರಡು ಸ್ಟೇಷನ್ ದಾಟುವಷ್ಟರಲ್ಲಿ ಅಲೀಡಾ ಸುಮ್ಮನಾಗಿದ್ದಳು. "ಸೀಟೇ ಇಲ್ಲ, ರೂಮು ಸಿಕ್ತು. ತಮಾಷೆ ನೋಡು" ಎಂದಳು. ಕಿಟಕಿಗೆ ಹಣೆ ಒತ್ತಿ ಕೂತಳು.

ಸೀಟೂ ಸಿಗುತ್ತೆ ಎನ್ನುವ ಮಾತು ಫಾಮ್ಕೆಯ ಬಾಯಿಯ ತನಕ ಬಂತು. ಅವಳು ಅದನ್ನು ನುಂಗಿದಳು.

ಮರುದಿನ ಬುಧವಾರ, ಮಧ್ಯಾಹ್ನವೇ ಶಾಲೆ ಬಿಟ್ಟಿತು. ಅಲೀಡಾ ಹತ್ತು ನಿಮಿಷಕ್ಕೊಂದು ಸಲ ಫೋನಿನಲ್ಲಿ ಮೇಲ್ ತೆಗೆದು ನೋಡುತ್ತಿದ್ದಳು. "ಅದನ್ನ ಉಜ್ಜಿ ಉಜ್ಜಿ ನೋಡಿದ್ರೆ ಸೀಟು ಹುಟ್ಟಲ್ಲ" ಎಂದು ಅಮ್ಮ ಬೈದಳು. ಅಲೀಡಾ ಬೈಗುಳ ತಿರುಗಿಸಿದಳು. ಅಮ್ಮ ಬಾಗಿಲು ದಢಾರನೆ ಹಾಕಿದಳು. ಚಾಕ್‌ಪೀಸಿನ ಪುಡಿ ಉದುರಿತು, 1 ಹಾಗೇ ಇತ್ತು.

ಫಾಮ್ಕೆ ಊಟದಲ್ಲಿ ಆಲೂಗಡ್ಡೆಯನ್ನು ತಟ್ಟೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ತಳ್ಳುತ್ತಿದ್ದಳು. ಈಗ ಅವನು ಏನು ಮಾಡುತ್ತಿರಬಹುದು? ಸೀಟು ಬಿಡುವ ಬಟನ್ ಒತ್ತಿರಬಹುದೇ? ಬೋನನ್ನು ಯಾರಿಗೆ ಕೊಡುತ್ತಾನೆ? ಏಳು ವರ್ಷದ ಮೊಲವನ್ನು ಯಾರು ತೆಗೆದುಕೊಳ್ಳುತ್ತಾರೆ?

"ಹುಷಾರಿಲ್ವಾ?" ಎಂದು ಅಮ್ಮ ಹಣೆ ಮುಟ್ಟಿದಳು.

"ಹಸಿವಿಲ್ಲ."

ಗುರುವಾರ ಬೆಳಿಗ್ಗೆ ಫಾಮ್ಕೆ ಬ್ರೆಡ್ಡಿನ ಮೇಲೆ ಚಾಕೊಲೇಟ್ ಕಾಳು ಉದುರಿಸುತ್ತಿದ್ದಾಗ ಮಹಡಿಯ ಮೇಲಿಂದ ಕಿರುಚಾಟ ಕೇಳಿತು. ಅಲೀಡಾ ಲ್ಯಾಪ್‌ಟಾಪ್ ಎತ್ತಿಕೊಂಡು ಬರಿಗಾಲಲ್ಲಿ ಇಳಿದು ಬಂದಳು. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಬೆರಳು ತೋರಿಸಿದಳು ಅಷ್ಟೆ. ಅಮ್ಮ ಓದಿದಳು. ಎರಡನೆಯ ಸಲ ಓದಿದಳು. ಆಮೇಲೆ ಒದ್ದೆ ಕೈಯಲ್ಲೇ ಮಗಳನ್ನು ತಬ್ಬಿಕೊಂಡಳು.

"ಒಪ್ಪಿಗೆ ಒತ್ತು! ಮೊದಲು ಒತ್ತು! ಅವರು ಮನಸ್ಸು ಬದಲಾಯಿಸೋದರೊಳಗೆ!"

ಅಲೀಡಾ ಕೂತಳು. ಬೆರಳು ಬಟನಿನ ಮೇಲೆ ಬಂತು.

"ಅದು ಯೊರಿಟ್" ಎಂದಳು ಫಾಮ್ಕೆ.

"ಯಾರು?"

"ಕಿಟಕಿ ಹತ್ರ ನಿಂತಿದ್ನಲ್ಲ, ಉದ್ದ. ಆ ರೂಮು ಸಿಗದಿದ್ರೆ ಸೀಟು ಬಿಡ್ತೀನಿ ಅಂದಿದ್ದ. ಮೊಲದ ವಿಷಯ ಯಾರಿಗೂ ಹೇಳ್ಬೇಡ ಅಂದಿದ್ದ. ನಾನು ಹೇಳಿದೆ. ಅವರು ಕೇಳಿದ್ರು, ನಾನು ಹೇಳಿದೆ."

ಅಲೀಡಾ ತಂಗಿಯನ್ನು ನೋಡಿದಳು. ಬೆರಳು ಹಾಗೇ ಇತ್ತು.

"ಬೇರೆ ಯಾರೋ ಬಿಟ್ಟಿರಬಹುದು" ಎಂದಳು ನಿಧಾನವಾಗಿ.

"ನಿನ್ನೆ ರಾತ್ರಿ ಹನ್ನೆರಡಕ್ಕೇ ಅವನ ಕೊನೇ ಟೈಮು."

ಅಲೀಡಾ ತುಟಿ ಕಚ್ಚಿದಳು. ಬಟನ್ ಒತ್ತಿದಳು. ಪರದೆಯ ಮೇಲೆ ಹಸಿರು ಗುರುತು ಬಂತು. ಅವಳು ಅದನ್ನೇ ನೋಡುತ್ತ ಕೂತಳು. ಆಮೇಲೆ, "ಅವನೇನಾದ್ರೂ ಅಂದ್ನಾ, ನನ್ನ ಬಗ್ಗೆ?" ಎಂದು ಕೇಳಿದಳು.

"ಚೆನ್ನಾಗಿ ಮಾತಾಡ್ತಾಳೆ ಅಂದ."

ಅಲೀಡಾ ಲ್ಯಾಪ್‌ಟಾಪ್ ಮುಚ್ಚಿದಳು.

ಅಮ್ಮನಿಗೆ ಅದೇನೂ ಕೇಳಿಸಿರಲಿಲ್ಲ. ಅವಳು ಆಗಲೇ ಫೋನಿನಲ್ಲಿ ಅಪ್ಪನ ಹಡಗಿಗೆ ಸುದ್ದಿ ಮುಟ್ಟಿಸುತ್ತಿದ್ದಳು. ನಡುವೆ ಒದ್ದೆ ಬಟ್ಟೆಯೊಂದನ್ನು ಫಾಮ್ಕೆಯ ಕಡೆ ಎಸೆದಳು. "ಏನು ನಿಂತ್ಕೊಂಡಿದ್ದೀಯ? ಒರೆಸು! ಇವತ್ತು ಕುಣಿಯಲ್ವಾ?"

ಫಾಮ್ಕೆ ಬಾಗಿಲ ಮುಂದೆ ಹೋಗಿ ನಿಂತಳು. ಸ್ಕರ್ಟಿನ ಜೇಬಿಗೆ ಕೈ ಹಾಕಿದಾಗ ಏನೋ ಅಂಟಿತು. ಮೊನ್ನೆಯ ಮಿಠಾಯಿ. ಬಟ್ಟೆಯ ನೂಲು ಮೆತ್ತಿಕೊಂಡಿತ್ತು.

ಇಪ್ಪತ್ತಾರು ಸಲ ಅವಳು ಈ ಬಾಗಿಲನ್ನು ಒರೆಸಿದ್ದಳು. ಇಪ್ಪತ್ತಾರು ಸಲ ಕುಣಿದಿದ್ದಳು. ಅವರಲ್ಲಿ ಒಬ್ಬರ ಹೆಸರೂ ಅವಳಿಗೆ ಗೊತ್ತಿರಲಿಲ್ಲ.

ಅವಳು 1ರ ಮೇಲೆ ಬಟ್ಟೆ ಇಟ್ಟಳು. ಮೇಲಿನಿಂದ ಕೆಳಗೆ, ನಿಧಾನವಾಗಿ ಒರೆಸಿದಳು.