ಎಡಗೈ ಹೊಲಿಗೆ

"ಒಂದು ನಿಮಿಷ ನಿಲ್ಲು ಪುಟ್ಟಿ, ಅಲುಗಾಡ್ಬೇಡ," ಎಂದ ಅಜ್ಜಿಯ ಬೆರಳುಗಳು ಫ್ರಾಕಿನ ಕೆಳ ಅಂಚಿನ ಮೇಲೆ ಸರಿಯುತ್ತಾ ಸರಿಯುತ್ತಾ ಒಂದು ಕಡೆ ನಿಂತುಬಿಟ್ಟವು. ಅಡುಗೆಮನೆಯ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದ ಸೊಸೆ ಆ ಬೆರಳುಗಳನ್ನೇ ನೋಡಿದಳು.

ಏಳು ವರ್ಷದ ಪುಟ್ಟಿಗೆ ಇವತ್ತು ಶಾಲೆಯಲ್ಲಿ ತರಗತಿಯ ಫೋಟೋ. ಬಟ್ಟೆ ತೆಗೆಯಲೆಂದು ಅತ್ತೆ ತನ್ನ ಪಿಂಚಣಿಯಿಂದ ಹಣ ಕೊಟ್ಟು ಎರಡು ವಾರವಾಗಿತ್ತು. ಕೊಡುವಾಗ ಹೇಳಿದ್ದು ಒಂದೇ ಮಾತು: "ಹೊಸದೇ ತರ್ಬೇಕು. ಇನ್ನೊಬ್ರು ಬಿಟ್ಟ ಬಟ್ಟೆ ನನ್ನ ಮೊಮ್ಮಗಳು ಹಾಕೋದು ಬೇಡ." ಆ ಮಾತಿನ ಹಿಂದಿನ ಕಥೆ ಮನೆಮಂದಿಗೆಲ್ಲ ಬಾಯಿಪಾಠ. ಅತ್ತೆ ಚಿಕ್ಕವಳಿದ್ದಾಗ ಯಾರೋ ಕೊಟ್ಟ ಅಂಗಿ ತೊಟ್ಟು ಶಾಲೆಗೆ ಹೋಗಿದ್ದಳು. ಅದನ್ನು ಮೊದಲು ತೊಟ್ಟಿದ್ದ ಹುಡುಗಿ ಎಲ್ಲರ ಮುಂದೆ "ಅದು ನಂದು" ಎಂದು ಬೆರಳು ತೋರಿಸಿದ್ದಳು. ಅರವತ್ತು ವರ್ಷ ಕಳೆದರೂ ಆ ಬೆರಳು ಅತ್ತೆಯ ಕಣ್ಣಿಗೆ ಕಟ್ಟಿದ ಹಾಗೇ ಇತ್ತು.

ಸೊಸೆ ಏನು ಮಾಡಿದಳು? ತಪ್ಪು ಮಾಡಿದಳು ಎಂದೇ ಹೇಳಬೇಕು, ಮುಚ್ಚುಮರೆ ಯಾಕೆ. ಆ ಹಣ ಮನೆಬಾಡಿಗೆಗೆ ಹೋಯಿತು. ಗಂಡ ದುಡಿಯುವ ಮುದ್ರಣಾಲಯದಲ್ಲಿ ಕೆಲಸ ವಾರಕ್ಕೆ ಮೂರೇ ದಿನಕ್ಕೆ ಇಳಿದಿತ್ತು. "ಅಮ್ಮನಿಗೆ ಗೊತ್ತಾಗೋದು ಬೇಡ, ನನ್ನಾಣೆ," ಎಂದು ಅವನು ಹೆಂಡತಿಯ ಬಾಯಿ ಕಟ್ಟಿಹಾಕಿದ್ದ. ಕೆಲಸವಿಲ್ಲದ ದಿನವೂ ಡಬ್ಬಿ ಹಿಡಿದು ಹೊರಟು, ಎಲ್ಲೋ ಕೂತು ಸಂಜೆಗೆ ಬರುತ್ತಿದ್ದ. ಮಗಳ ಬಟ್ಟೆಗಾಗಿ ಇವಳು ಹೋದದ್ದು ಬಸ್ ನಿಲ್ದಾಣದ ಹಿಂದಿನ ಹಳೇ ಬಟ್ಟೆ ಅಂಗಡಿಗೆ. ಗುರುತಿನವರು ಯಾರಾದರೂ ಕಂಡಾರೆಂದು ತಲೆ ತಗ್ಗಿಸಿಕೊಂಡು ರಾಶಿ ಕೆದಕುವಾಗ ಬಿಳಿ ಕಾಲರಿನ ಈ ನೀಲಿ ಫ್ರಾಕು ಸಿಕ್ಕಿತು. ಜೇಬಿನ ಬಾಯಿಗೆ ಹಾಕಿದ್ದ ಕಚ್ಚಾ ಹೊಲಿಗೆ ಕೂಡ ಬಿಚ್ಚಿರಲಿಲ್ಲ. ಯಾರೂ ತೊಟ್ಟಿಲ್ಲ ಎಂದು ಅವಳಿಗೆ ಅಲ್ಲೇ ತಿಳಿದಿತ್ತು.

ಅವಳದ್ದು ಟೈಲರ್ ಅಂಗಡಿಯಲ್ಲಿ ಗುಂಡಿ, ಕಾಜಾ, ಅಂಚು ಹೊಲಿಯುವ ಕೆಲಸ. ಹಳೆಯ ಬಟ್ಟೆಯನ್ನು ಹೊಸದು ಮಾಡುವುದು ನೀರು ಕುಡಿದಷ್ಟು ಸುಲಭ. ಗುಂಡಿ ಬದಲಾಯಿಸಿದಳು, ಗಂಜಿ ಹಾಕಿ ಇಸ್ತ್ರಿ ಮಾಡಿದಳು. ಕೊನೆಗೆ ಟೈಲರ್ ಮೇಷ್ಟ್ರು ಆಚೆ ಹೋದಾಗ ಮೇಜಿನ ಖಾನೆಯಿಂದ ಅಂಗಡಿಯ ಲೇಬಲ್ ಒಂದನ್ನು ಮುಷ್ಟಿಯಲ್ಲಿ ಅಡಗಿಸಿ ತಂದು ಕುತ್ತಿಗೆಗೆ ಹೊಲಿದಳು. ಹನ್ನೊಂದು ವರ್ಷದಲ್ಲಿ ಒಂದು ದಾರದ ಎಳೆಯನ್ನೂ ಮನೆಗೆ ತಂದವಳಲ್ಲ... ಅಂಚನ್ನೂ ಬಿಚ್ಚಿ ಬೇರೆ ಹೊಲಿಯಬೇಕೆಂದೇ ಇದ್ದಳು. ಆದರೆ ಕತ್ತರಿ ಹಿಡಿದವಳು ಸುಮ್ಮನೆ ಕೂತುಬಿಟ್ಟಳು. ಎಂಥಾ ಹೊಲಿಗೆ ಅದು! ಎಡದಿಂದ ಬಲಕ್ಕೆ, ಯಾರೋ ಎಡಚರ ಕೈ. ಮಗು ಬೆಳೆದರೆ ಇಳಿಸಲೆಂದು ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ, ಕೊನೆಯಲ್ಲಿ ಮೂರು ಗಂಟು. ಹೊಲಿಗೆ ಬಲ್ಲವರಿಗೆ ಅಂಥದ್ದನ್ನು ಬಿಚ್ಚಲು ಮನಸ್ಸು ಬರುವುದಿಲ್ಲ. ಅವಳಿಗೂ ಬರಲಿಲ್ಲ.

ಅತ್ತೆ ಊಟ ಮಾಡುವುದು, ಬರೆಯುವುದು ಬಲಗೈಯಲ್ಲೇ. ಸೂಜಿ ಮಾತ್ರ ಎಡಗೈಯಲ್ಲಿ ಎಂಬುದು ಸೊಸೆಗೆ ಗೊತ್ತಾಗುವ ಹಾಗೇ ಇರಲಿಲ್ಲ. ಕಣ್ಣು ಮಂಜಾಗಿ ಸೂಜಿ ಬಿಟ್ಟ ಮೇಲೆಯೇ ಅವಳು ಮಗಳ ಮನೆಯಿಂದ ಈ ಮನೆಗೆ ಬಂದದ್ದು.

"ಎಲ್ಲಿ ತಂದಿದ್ದು ಅಂದೆ ಇದನ್ನ?"

"ಅಂಗಡೀಲಿ ಅತ್ತೆ... ಕುತ್ತಿಗೆ ಹತ್ರ ಲೇಬಲ್ ಇದೆಯಲ್ಲ."

"ಲೇಬಲ್ ಹೊಲಿದಿದ್ದು ನೀನು. ಅಂಚು ಹೊಲಿದಿದ್ದು ನಾನು."

ಸೊಸೆಯ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ನೆಲಕ್ಕೆ ಬಿತ್ತು. ಪುಟ್ಟಿ ಇಬ್ಬರ ಮುಖವನ್ನೂ ನೋಡಿದಳು.

"ಈ ಮೂರು ಗಂಟು ನನ್ನದೇ ಕಣಮ್ಮ. ಮಗಳ ಎರಡನೇ ಹೆರಿಗೆಗೆ ಅಂತ ಹೋಗಿದ್ದಾಗ ಅವಳ ದೊಡ್ಡ ಮಗಳಿಗೆ ಹೊಲಿದೆ. ಅದೇ ಕೊನೆ, ಆಮೇಲೆ ಸೂಜಿಗೆ ದಾರ ಪೋಣಿಸೋಕೆ ಆಗ್ಲಿಲ್ಲ. ಮಗೂಗೆ ಯಾಕೆ ಹಾಕಲ್ಲ ಅಂತ ಕೇಳಿದಾಗೆಲ್ಲ, ಬೀರುವಲ್ಲಿ ಜೋಪಾನವಾಗಿದೆ ಅಮ್ಮ ಅಂತಿದ್ಲು..." ಅತ್ತೆಯ ಬೆರಳು ಜೇಬಿನ ಬಾಯಿ ಹುಡುಕಿತು. ಕಚ್ಚಾ ಹೊಲಿಗೆ ಹಾಗೇ ಇತ್ತು. ಅತ್ತೆ ಅದನ್ನು ಎರಡು ಸಲ ಸವರಿದಳು. ಆಮೇಲೆ ಕೇಳಿದಳು, "ನಾನು ಕೊಟ್ಟ ದುಡ್ಡು?"

ಸೊಸೆಗೆ ಗಂಡನ ಆಣೆ ನೆನಪಾಯಿತು. "ನಾನೇ... ನನಗೇ ಖರ್ಚು ಮಾಡ್ಕೊಂಡೆ ಅತ್ತೆ. ನಿಮಗೂ ಮೋಸ, ಮಗೂಗೂ ಮೋಸ. ಲೇಬಲ್ ಕೂಡ ಕದ್ದು ತಂದೆ. ನನಗೆ ಮುಖ ಇಲ್ಲ ಅತ್ತೆ..."

"ಸುಳ್ಳು ಹೇಳೋಕೂ ಬರಲ್ಲ ನಿನಗೆ," ಎಂದಳು ಅತ್ತೆ. "ವಾರದಲ್ಲಿ ಮೂರು ದಿನ ಮಾತ್ರ ನನ್ನ ಮಗನ ಅಂಗಿ ಶಾಯಿ ವಾಸನೆ ಬರುತ್ತೆ. ನನ್ನ ಕಣ್ಣಿಗೆ ಮಂಜು ಬಂದಿದೆ, ಮೂಗಿಗಲ್ಲ. ಗೊತ್ತಿದ್ದೂ ಸುಮ್ನಿದ್ದೆ. ಅದಕ್ಕೇ ಬಟ್ಟೆ ನೆಪ ಮಾಡಿ, ಮಿಕ್ಕಿದ್ದು ಮನೆಗಾಗ್ಲಿ ಅಂತ ಹೆಚ್ಚಿಗೆ ದುಡ್ಡು ಕೊಟ್ಟೆ. ನನ್ನ ಹತ್ರ ಕೇಳೋಕೆ ನಿಮಗೆ ನಾಚಿಕೆ, ಇಂಥಾ ಅತ್ತೆ ಆಗಿದ್ದೀನಿ ಅಂತ ನನಗೆ ನಾಚಿಕೆ."

ಸೊಸೆ ಬಾಗಿಲಿಗೆ ಒರಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೈದಿದ್ದರೆ ಎಷ್ಟೋ ಮೇಲಿತ್ತು.

ಅಷ್ಟರಲ್ಲಿ ಕೆಳಗೆ ಬೀದಿಯಲ್ಲಿ ಕಾರು ನಿಂತಿತು. ಅಮ್ಮನನ್ನು ಕಣ್ಣಾಸ್ಪತ್ರೆಗೆ ಕರೆದೊಯ್ಯಲು ನಾದಿನಿ, ಅದೇ ಮಗಳು, ಬಂದಿದ್ದಳು. ಬಂದವಳೇ ಎಂದಿನ ಧಾಟಿಯಲ್ಲಿ, "ಏನ್ ಅತ್ತಿಗೆ, ಅಂತೂ ಮಗೂಗೆ ಬಟ್ಟೆ ತೆಗೆದ್ರಾ? ನಮ್ಮವಳದ್ದು ರಾಶಿ ಬಿದ್ದಿದೆ, ಕೊಡ್ತೀನಿ ಅಂದ್ರೆ ಅಮ್ಮನೇ ಬೇಡ ಅಂತಾಳೆ. ನೋಡೋಣ, ತಿರುಗೇ ಪುಟ್ಟಿ," ಎಂದಳು.

ಪುಟ್ಟಿ ತಿರುಗಿದಳು. ನಾದಿನಿಯ ನಗು ಅರ್ಧಕ್ಕೇ ನಿಂತಿತು. ಕಾಲರು ನೋಡಿದಳು, ಅಂಚು ನೋಡಿದಳು. ಸೊಸೆ ಕಣ್ಣು ಮುಚ್ಚಿಕೊಂಡಳು. ಈಗ ಬೆರಳು ಏಳುತ್ತದೆ, ಪುಟ್ಟಿಯ ಎದುರಿಗೇ ಆ 'ಅದು ನಂದು' ಬರುತ್ತದೆ...

"ಈ... ಇದು ಎಲ್ಲಿಂದ..."

"ನಾನು ಕೊಡಿಸಿದ್ದು," ಎಂದಳು ಅತ್ತೆ, ಮಗಳ ದನಿ ಬಂದ ಕಡೆಗೆ ಮುಖ ತಿರುಗಿಸಿ. "ಹೊಸದೇ ಕಣೇ. ಯಾರೂ ಒಂದು ದಿನಾನೂ ಹಾಕ್ಕೊಂಡಿಲ್ಲ. ಜೇಬು ಸಹ ಬಿಚ್ಚಿಲ್ಲ, ಮುಟ್ಟಿ ನೋಡು."

ನಾದಿನಿ ಮುಟ್ಟಲಿಲ್ಲ. ಅವಳ ಮುಖ ಕಪ್ಪಿಟ್ಟಿತು. ಕಾರಿನ ಕೀಲಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಾ, "ಅಮ್ಮ... ನಾನು ಕೆಳಗಿರ್ತೀನಿ," ಎಂದು ತಲೆ ತಗ್ಗಿಸಿ ಮೆಟ್ಟಿಲಿಳಿದಳು.

ಅತ್ತೆ ಕೈಚಾಚಿ ಸೊಸೆಯನ್ನು ಹತ್ತಿರ ಕರೆದಳು. "ಜೇಬಿನ ಹೊಲಿಗೆ ಬಿಚ್ಚು, ಮಗು ಕೈ ಹಾಕ್ಕೊಳ್ಳಲಿ. ಆ ಲೇಬಲ್ಲೂ ಬಿಚ್ಚು. ತಗೊಂಡಲ್ಲಿಗೇ ವಾಪಸ್ ಕೊಟ್ಟುಬಿಡು."

ಮಗಳ ಹಿಂದೆ ಮಂಡಿಯೂರಿ ಅವಳು ದಾರ ಕತ್ತರಿಸಿದಳು.

"ಅಮ್ಮಾ, ಹಾಗಾದ್ರೆ ಇದು ಅಂಗಡೀದಲ್ವಾ?"

"ಅಲ್ಲ ಕಣೇ... ಅಂಗಡೀದು ಅಂತ ನಾನೇ ಸುಳ್ಳು ಹೇಳಿದ್ದೆ. ನಿಮ್ಮಜ್ಜಿ ಹೊಲಿದಿದ್ದು."

ಶಾಲೆಯ ದಾರಿಯುದ್ದಕ್ಕೂ ಪುಟ್ಟಿ ಜೇಬಿನಿಂದ ಕೈ ತೆಗೆಯಲಿಲ್ಲ. ಗೇಟಿನ ಬಳಿ ಮೊದಲು ಸಿಕ್ಕ ಗೆಳತಿಗೇ "ನಮ್ಮಜ್ಜಿ ಹೊಲಿದಿದ್ದು" ಎಂದು ಅಂಚು ಎತ್ತಿ ತೋರಿಸಿದಳು. ತಾಯಿ ಅಲ್ಲಿಂದ ಟೈಲರ್ ಅಂಗಡಿಗೆ ನಡೆದಳು. ಮುಷ್ಟಿಯೊಳಗೆ ಲೇಬಲ್ ಬೆವರಿಗೆ ಒದ್ದೆಯಾಗಿತ್ತು. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, "ಏನಮ್ಮಾ?" ಎಂದರು. ಅವಳು ಅದನ್ನು ಮೇಜಿನ ಮೇಲಿಟ್ಟು, ಕದ್ದದ್ದನ್ನು ಹೇಳಲು ಬಾಯಿ ತೆರೆದಳು.